ಎಡಗೈಯ ಕುಡಗೋಲು

ನಮ್ಮ ಅಕ್ಕ ಎಡಚಿ. ನಮ್ಮೂರು ಮರಳಿಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡಿರುವ ಅವಳು ದಿನಾ ಕಾಲುವೆ ದಂಡೆಯ ಹುಲ್ಲು ಕೊಯ್ಯಬೇಕು. ಪೇಟೆಯಲ್ಲಿ ಸಿಗುವ ಕುಡಗೋಲಿನ ಹಲ್ಲನ್ನು ಬಲಗೈಯವರಿಗೆಂದೇ ಒಂದು ಮಗ್ಗುಲಿಗೆ ಕೊರೆದಿರುತ್ತಾರೆ. ಎಡಗೈಯಲ್ಲಿ ಹಿಡಿದರೆ ಹುಲ್ಲಿನ ಮೇಲೆ ಜಾರುತ್ತದೆ. ಹಾಗಾಗಿ ಒಗ್ಗದ ಬಲಗೈಯಲ್ಲೇ ಕೊಯ್ದು ಕೊಯ್ದು ಅಕ್ಕನ ಮಣಿಕಟ್ಟು ಬಾತಿತ್ತು. ಸಂಜೆ ಹಾಲು ಹಿಂಡಲೂ ಆಗುತ್ತಿರಲಿಲ್ಲ. ಎಮ್ಮೆ ಮಾರಿಬಿಡು ಎಂದು ಎಲ್ಲರೂ ಹೇಳಿದೆವು.

ನಮ್ಮವ್ವನ ಪ್ರಕಾರ ಎಲ್ಲ ತಪ್ಪೂ ಎಡಗೈಯದೇ. ಚಿಕ್ಕಂದಿನಲ್ಲಿ ಅಕ್ಕ ಆ ಕೈಯಲ್ಲಿ ರೊಟ್ಟಿ ಮುರಿದರೆ ಸೌಟಿನಿಂದ ಬಾರಿಸುತ್ತಿದ್ದಳು. ಎಡಗೈಯಿಂದ ಏನನ್ನೂ ಕೊಡುವಂತಿಲ್ಲ, ಇಸಿದುಕೊಳ್ಳುವಂತಿಲ್ಲ.

ಯಾರೋ ಹಿತ್ತಲಲ್ಲೇ ಕಬ್ಬಿಣ ಕಾಯಿಸಿ ಚಾಕು ಬಡಿಯುವುದನ್ನು ಮೊಬೈಲಿನಲ್ಲಿ ನೋಡಿದ ಅಕ್ಕ ನನಗೆ ಫೋನು ಮಾಡಿದಳು. ನಾನು ಗಂಗಾವತಿಯ ಒಂದು ರೈಸ್‌ಮಿಲ್ಲಿನಲ್ಲಿ ಕೆಲಸಕ್ಕಿದ್ದೇನೆ.

"ತಮ್ಮಾ, ನಿಮ್ಮ ಮಿಲ್ಲಿನ ಗುಜರಿಯೊಳಗ ದಪ್ಪನ್ನ ಕಬ್ಬಿಣದ ತುಂಡು ಇದ್ರ ತಗೊಂಡ ಬಾ. ಕುಡಗೋಲು ನಾನ ಮಾಡ್ಕೋತೀನಿ."

ನಾನು ನಕ್ಕೆ. ಆದರೂ ಮಾಲೀಕರನ್ನು ಕೇಳಿ ಹಳೆಯ ಶಾಫ್ಟಿನ ತುಂಡೊಂದನ್ನು ಒಯ್ದುಕೊಟ್ಟೆ. ಕಾದ ಕಬ್ಬಿಣವನ್ನು ಅದರ ಮೇಲಿಟ್ಟು ಬಡಿಯುವುದು. ಒಳಗೆ ಮಣ್ಣು ಮೆತ್ತಿದ ತೂತು ಬಕೆಟ್ಟೇ ಕುಲುಮೆ. ಗಾಳಿ ಊದಲು ನನ್ನ ಹೆಂಡತಿಯ ಹೇರ್ ಡ್ರೈಯರ್.

ಉರುವಲಿಗೆ ಭತ್ತದ ಹೊಟ್ಟು ಸಾಕು ಎಂದವನು ನಾನೇ. ನಮ್ಮ ಕಡೆಯವರ ಬುದ್ಧಿಯೇ ಅಷ್ಟು, ಎಲ್ಲದಕ್ಕೂ ಹೊಟ್ಟು. ಡ್ರೈಯರ್ ಚಾಲೂ ಮಾಡಿದ್ದೇ ತಡ, ಉರಿಯುವ ಹೊಟ್ಟೆಲ್ಲ ಹಾರಿ ಅವ್ವ ಒಣಹಾಕಿದ್ದ ಸಂಡಿಗೆಯ ಮೇಲೆ ಕೂತಿತು. ಅವ್ವ ನಮ್ಮಿಬ್ಬರ ಜನ್ಮ ಜಾಲಾಡಿದಳು. ಕಬ್ಬಿಣ ಕಾದಾಗ ಬಡಿ ಎಂದು ಗಾದೆ ಹೇಳುವುದು ಸುಲಭ, ಮೊದಲು ಅದು ಕಾಯಬೇಕಲ್ಲ. ಜಾಲಿಯ ಇದ್ದಿಲು ತಂದ ಮೇಲೆಯೇ ಅದು ಕೆಂಪಾದದ್ದು.

ಹೊಲ ಹರಗುವ ಕುಂಟೆಯ ಕುಡ, ಅಂದರೆ ಸವೆದ ಕಬ್ಬಿಣದ ಅಲಗೊಂದನ್ನು ಅಕ್ಕ ಕಾಯಿಸಿ ಬಡಿದಳು. ಬಾಗಿತೇನೋ ಸರಿ, ನೀರಿಗೆ ಅದ್ದಿದಾಗ ಟಪ್ಪೆಂದು ಸೀಳಿತು. ಇನ್ನೊಂದು ಸೊಟ್ಟಗಾಯಿತು. ನಾನಾಗಿದ್ದರೆ ಸುತ್ತಿಗೆಯನ್ನು ಕಾಲುವೆಗೆ ಎಸೆದಿರುತ್ತಿದ್ದೆ. ಅವಳಿಗೆ ಅದೇ ಚಟವಾಯಿತು. ಮಧ್ಯಾಹ್ನ ಎಮ್ಮೆಗಳು ನೀರಿಗಿಳಿದರೆ ಇವಳು ಬಕೆಟ್ಟಿನ ಮುಂದೆ ಕೂರುತ್ತಿದ್ದಳು. ಇಕ್ಕಳ ಬಲಗೈಯಲ್ಲಿ, ಸುತ್ತಿಗೆ ಎಡಗೈಯಲ್ಲಿ. ಅವಳ ಕೈ ಅಷ್ಟು ಸರಾಗವಾಗಿ ಆಡುವುದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ಭಾರಿ ಹೆಮ್ಮೆಯಾಯಿತು, ಬಾಯಿಬಿಟ್ಟು ಹೇಳಿದೆ ಕೂಡ.

"ಹೊಗಳೂದು ಆಮ್ಯಾಲ, ಮೊದಲ ಇದ್ದಿಲು ಹಾಕು" ಅಂದಳು.

ಮುಂದಿನದಕ್ಕೆ ಹಲ್ಲನ್ನು ಆಚೆ ಮಗ್ಗುಲಿಗೆ ಕೊರೆದು, ಕಾಯಿಸಿ, ನೀರಿನ ಬದಲು ಟ್ರ್ಯಾಕ್ಟರಿನ ಹಳೆಯ ಆಯಿಲ್‌ಗೆ ಅದ್ದಿದಳು. ಅದು ಸೀಳಲಿಲ್ಲ. ಕಾಲುವೆ ದಂಡೆಗೆ ಹೋಗಿ ಎಡಗೈಯಲ್ಲಿ ಎಳೆದರೆ ಹುಲ್ಲು ಸರಸರ ಬಂತು. ನನಗೆ ಕಣ್ಣು ತುಂಬಿತು.

ಹಿಂದೆಯೇ ಬಂದಿದ್ದ ಅವ್ವನಿಗೆ ನಂಬಿಕೆಯಿಲ್ಲ. ಕುಡಗೋಲು ಇಸಿದುಕೊಂಡು ಬಲಗೈಯಲ್ಲಿ ಎಳೆದಳು. ಹುಲ್ಲು ಬಾಗಿ ಜಾರಿತು. ಹಲ್ಲು ಕಚ್ಚಿ ಮತ್ತೆ ಎಳೆದಳು.

"ಇದು ಕೊಯ್ಯೂದಿಲ್ಲ ಬಿಡ. ಕೈ ಅಷ್ಟ ನೋಯ್ತೈತಿ."

"ಹೌದಬೇ" ಅಂದಳು ಅಕ್ಕ, ಮೆತ್ತಗೆ. "ನನಗ ಇಷ್ಟು ವರ್ಷ ಹಿಂಗ ಆಗ್ತಿತ್ತು."

ಅವ್ವ ಕುಡಗೋಲಿನ ಹಲ್ಲನ್ನು ಬೆರಳಿನಿಂದ ಸವರಿದಳು. ಆಮೇಲೆ ಅದನ್ನು ತಿರುಗಿಸಿ ಹಿಡಿಯನ್ನು ಮುಂದೆ ಮಾಡಿದಳು. ಅಕ್ಕ ರೂಢಿಯಂತೆ ಬಲಗೈ ಚಾಚಿದಳು.

"ಅದಲ್ಲ" ಅಂದಳು ಅವ್ವ. "ನಿನ್ನ ಕೈ ಚಾಚು."