ಕಾಲಿಗೆ ಹೊಂದಿದ ಶೂ

ವಿಮಾನ ನಿಲ್ದಾಣದ ದುಬಾರಿ ಶೂ ಅಂಗಡಿಗೆ ನೀವೂ ಹೋಗಿರಬಹುದು. ವಿಮಾನಕ್ಕೆ ಇನ್ನೂ ಹೊತ್ತಿದೆ ಎಂದು ಸುಮ್ಮನೆ ಒಳಗೆ ನುಗ್ಗಿರುತ್ತೀರಿ. ಮೆತ್ತನೆಯ ಸೋಫಾದಲ್ಲಿ ಕೂತು ಕಾಲು ಚಾಚಿದರೆ ಒಬ್ಬ ಹೆಣ್ಣುಮಗಳು ಮಂಡಿಯೂರಿ ಜೋಡಿಯ ಮೇಲೆ ಜೋಡಿ ತೊಡಿಸಿ ತೋರಿಸುತ್ತಾಳೆ. ಕೊನೆಗೆ ನೀವು ಒಂದನ್ನೂ ಕೊಳ್ಳದೆ ಎದ್ದು ಹೋಗುತ್ತೀರಿ. ಅವಳ ಮುಖ ನಿಮಗೆ ನೆನಪಿರಲಿಕ್ಕಿಲ್ಲ. ಕನ್ನಡಿಯಲ್ಲಿ ನೀವು ನೋಡುತ್ತಿದ್ದದ್ದು ನಿಮ್ಮ ಕಾಲನ್ನು.

ಅಂಥ ಒಬ್ಬಳಿಗೆ ನಮ್ಮ ಬೀದಿಯವರು ಇಟ್ಟ ಹೆಸರು ಏರ್‌ಪೋರ್ಟ್ ಮೇಡಂ. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಅಕ್ಕನ ಜೊತೆ ಒಂದೇ ಕೋಣೆಯಲ್ಲಿ ಅವಳ ವಾಸ. ಅಮ್ಮನಿಂದ ಬಳುವಳಿಯಾಗಿ ಬಂದದ್ದು ಸಕ್ಕರೆ ಕಾಯಿಲೆಯೊಂದೇ.

ಅವಳ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಮಾರುವವಳು ಅಲ್ಲಿಯ ಶೂವನ್ನೇ ಹಾಕಿರಬೇಕು. ಹಾಗೆಂದು ಅವಳ ಅಳತೆಯ ಹೊಸ ಜೋಡಿಯನ್ನೇನೂ ಕೊಡುವುದಿಲ್ಲ. ಕಂಪನಿ ಪ್ರದರ್ಶನಕ್ಕೆ ಕಳಿಸುವ ಸ್ಯಾಂಪಲ್ ಜೋಡಿಯನ್ನೇ ಹಾಕಿಕೊಳ್ಳಬೇಕು. ಅದು ಯಾವಾಗಲೂ ಸಣ್ಣ ಅಳತೆಯದು. ಗಾಜಿನ ಹಿಂದೆ ಸಣ್ಣ ಶೂ ಚೆಂದ ಕಾಣುತ್ತದಂತೆ! ಅದು ಕಾಲಿಗೆ ಹಿಡಿಸಿದವಳಿಗೆ ಮಾತ್ರ ಕೆಲಸ. ಸೇರುವ ದಿನ ಇವಳು ಬೆರಳು ಮಡಚಿ ಕಾಲು ತೂರಿಸಿ, ಅಳತೆ ಕೊಟ್ಟು ಮಾಡಿಸಿದ ಹಾಗಿದೆ ಎಂದುಬಿಟ್ಟಳು.

ಶೂವನ್ನು ಅಂಗಡಿಯಲ್ಲೇ ಬಿಟ್ಟು ಬಂದರೂ ನಡೆಯುತ್ತಿತ್ತು, ಆದರೆ ಅವಳು ಬಿಡುತ್ತಿರಲಿಲ್ಲ. ಮನೆಯೊಳಗೆ ಬಣ್ಣ ಹೋದ ನೈಟಿ, ಸವೆದ ಹವಾಯಿ ಚಪ್ಪಲಿ. ಹೊಸ್ತಿಲು ದಾಟಬೇಕಾದರೆ ಇಸ್ತ್ರಿ ಮಾಡಿದ ಕಪ್ಪು ಕೋಟು, ಕಾಲಿಗೆ ತೆಳುವಾದ ಉದ್ದ ಸಾಕ್ಸು, ಎತ್ತರ ಹಿಮ್ಮಡಿಯ ಆ ಶೂ. ಅದರ ಟಕಟಕ ಕೇಳಿ ಬೀದಿಯ ಹೆಂಗಸರು ಕಿಟಕಿಗೆ ಬರುತ್ತಿದ್ದರು. ಸಾಲಾಗಿ ಮನೆಗಳಿರುವ ನಮ್ಮ ಬೀದಿಯಲ್ಲಿ ಬೇರೆ ಯಾವ ಹೆಣ್ಣನ್ನೂ ಯಾರೂ ತಿರುಗಿ ನೋಡಿದವರಲ್ಲ.

ಮೊದಲು ಗುಳ್ಳೆ ಬಂತು, ಆಮೇಲೆ ಗಾಯವಾಯಿತು. ರಾತ್ರಿಯೆಲ್ಲ ಉರಿ. ಒಂದು ದಿನ ಉರಿ ತಾನಾಗಿಯೇ ನಿಂತಿತು.

"ಅಕ್ಕ, ಕೊನೆಗೂ ಆ ಶೂ ನನ್ನ ಮಾತು ಕೇಳ್ತು ನೋಡು. ಒಂಚೂರೂ ನೋಯಲ್ಲ ಈಗ."

ಅಕ್ಕನಿಗೂ ನೆಮ್ಮದಿಯಾಯಿತು. ಹೊಂದಿಕೊಂಡದ್ದು ಶೂ ಅಲ್ಲ, ಸಕ್ಕರೆ ಕಾಯಿಲೆಗೆ ಕಾಲಿನ ನರಗಳೇ ಸತ್ತಿವೆ ಎಂದು ಆ ಇಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ಕೋಣೆಯಲ್ಲಿ ವಾಸನೆ ಬಂದಾಗ ಅಕ್ಕ ಮೊದಲು ಮೋರಿ ತೊಳೆದಳು. ಆಮೇಲೆ ತಂಗಿಯ ಸಾಕ್ಸು ಎಳೆದರೆ ಅದರ ಜೊತೆ ಚರ್ಮವೂ ಬಂತು. ನೋವು ನಿಂತಾಗಲೇ ಬರಬೇಕಿತ್ತು ಎಂದು ಡಾಕ್ಟರು ರೇಗಿದರು. ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು.

ಅಂಗಡಿಯವರು ಕೆಲಸದಿಂದ ತೆಗೆಯಲಿಲ್ಲ. ಮ್ಯಾನೇಜರು ಆ ಉಪಕಾರವನ್ನು ಎಲ್ಲರೆದುರು ಹೇಳಿಕೊಂಡು ತಿರುಗುತ್ತಾನೆ. ಈಗ ಅವಳ ಜಾಗ ಹಿಂದಿನ ಗೋದಾಮಿನಲ್ಲಿ. ಶೂಗಳ ತುದಿ ಕುಸಿಯದ ಹಾಗೆ ಒಳಗೆ ಕಾಗದದ ಉಂಡೆ ತುರುಕುವ ಕೆಲಸ. ಪರದೆಯಾಚೆ ಪ್ರಯಾಣಿಕರ ನಗು ಕೇಳುತ್ತಿರುತ್ತದೆ. ಒಮ್ಮೆ ಧೈರ್ಯ ಮಾಡಿ, ತನ್ನನ್ನು ಮತ್ತೆ ಅಂಗಡಿಯ ಮುಂಭಾಗಕ್ಕೆ ಹಾಕಬೇಕೆಂದು ಕೇಳಿದಳು.

"ಕನ್ನಡೀಲಿ ನಿನ್ನ ನಡಿಗೆ ನೀನೇ ನೋಡ್ಕೊಮ್ಮ," ಎಂದ ಮ್ಯಾನೇಜರು. "ಇಲ್ಲಿಗೆ ಬರೋರು ಖುಷಿಯಾಗಿ ಖರ್ಚು ಮಾಡೋಕೆ ಬರ್ತಾರೆ. ಕುಂಟೋದನ್ನ ನೋಡೋಕಲ್ಲ."

ನಡಿಗೆ ಸರಿಹೋದರೆ ನೋಡೋಣ ಎಂಬ ಮಾತನ್ನೂ ಸೇರಿಸಿದನಂತೆ. ಮಾತಿನ ಆ ಬಾಲವಿಲ್ಲದಿದ್ದರೆ ಅವಳು ಎಂದೋ ಆಸೆ ಕೈಬಿಡುತ್ತಿದ್ದಳು. ಕಾರ್ಮಿಕ ಇಲಾಖೆಗೆ ದೂರು ಕೊಡು, ಜೊತೆಗೆ ನಾನೂ ಬರುತ್ತೇನೆ ಎಂದೆ. ಅವಳು ನನ್ನನ್ನೇ ಕನಿಕರದಿಂದ ನೋಡಿದಳು.

"ದೂರು ಕೊಟ್ಟು ಏನಣ್ಣ ಮಾಡ್ಲಿ? ನಂಗೆ ಮುಂದೆ ನಿಲ್ಲೋಕೆ ಬಿಟ್ರೆ ಸಾಕು."

ಈಗ ದಿನಾ ಸಂಜೆ ಕೆಲಸದಿಂದ ಬಂದವಳು ಬೆರಳಿಲ್ಲದ ಜಾಗಕ್ಕೆ ಹತ್ತಿ ತುರುಕಿ ಅದೇ ಎತ್ತರ ಹಿಮ್ಮಡಿಯ ಶೂ ಹಾಕಿಕೊಳ್ಳುತ್ತಾಳೆ. ಮಂಚದಿಂದ ಗೋಡೆಗೆ, ಗೋಡೆಯಿಂದ ಮಂಚಕ್ಕೆ. ಕಾಲು ವಾಲಿದಾಗ ಹಿಡಿದುಕೊಳ್ಳಲೆಂದು ಅಕ್ಕ ಪಕ್ಕದಲ್ಲೇ ಹೆಗಲು ಕೊಟ್ಟು ನಡೆಯುತ್ತಾಳೆ. ನೋಯ್ತಾ ಇದೆಯಾ ಎಂದು ಕೇಳುತ್ತಾಳೆ. ಇಲ್ಲ ಎನ್ನುತ್ತಾಳೆ ತಂಗಿ. ಅದು ನಿಜವೆಂದು ಅಕ್ಕನಿಗೆ ಗೊತ್ತು, ಅದಕ್ಕೇ ಅವಳಿಗೆ ಭಯ.