ದರ್ಜಿಯ ಮನೆ ಉಳಿಯಿತು

ವಸತಿ ಮಂಡಳಿಯ ಕಚೇರಿಯಲ್ಲಿ ಅವಳಿಗೆ ಜಗಮೊಂಡಿ ಎಂದೇ ಹೆಸರು. ಬಡವರಿಗೆಂದು ಮಂಡಳಿ ಕಟ್ಟಿಸಿದ ಬಾಡಿಗೆ ಮನೆಗಳಲ್ಲಿರುವ ಮುದುಕರು, ಕಾಯಿಲೆಯವರು, ದಿಕ್ಕಿಲ್ಲದವರು ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ಅವಳ ಕೆಲಸ. ಸಾಹೇಬರು "ಖಾಲಿ ಮಾಡಿಸಿ" ಎಂದರೆ, "ಮೊದಲು ಹೋಗಿ ನೋಡ್ಕೊಂಡು ಬರ್ತೀನಿ ಸರ್" ಎನ್ನುವಳು. ಮನೆಗೆ ಬಂದರೂ ಬಾಯಲ್ಲಿ ಅದೇ ಮಾತು. ಬಸ್ ಓಡಿಸುವ ಗಂಡ, "ಊರ ಉಸಾಬರಿಯೆಲ್ಲ ನಿನ್ನ ತಲೆ ಮೇಲೇ. ನನ್ನ ಬಸ್ಸಿಗೂ ಇಷ್ಟು ಜನ ಹತ್ತಲ್ಲ ಮಾರಾಯ್ತಿ" ಎಂದು ನಗುತ್ತಿದ್ದ.

ಅಂಥದೊಂದು ಮನೆಯ ದರ್ಜಿಯ ಮೇಲೆ ದೂರು ಬಂದಿದೆ ಎಂದಾಗ ಅವಳು ನಂಬಲಿಲ್ಲ. ವಯಸ್ಸಾದರೂ ಮಗುವಿನಂಥ ಮನುಷ್ಯ ಅವನು. ತಾಯಿ ಬಟ್ಟೆ ಕತ್ತರಿಸಿ ಕೊಡುತ್ತಿದ್ದಳು, ಇವನು ಹೊಲಿಯುತ್ತಿದ್ದ. ತಾಯಿ ತೀರಿಕೊಂಡ ಮೇಲೆ ಮೂರನೇ ಮಹಡಿಯಲ್ಲಿ ಒಬ್ಬನೇ ಉಳಿದಿದ್ದ. ಈಗ ಆ ಮನೆಯಲ್ಲಿ ಹೊತ್ತುಗೊತ್ತಿಲ್ಲದೆ ಗಲಾಟೆ, ಮೆಟ್ಟಿಲ ಮೇಲೆ ಒಡೆದ ಬಾಟಲಿ, ವಾಂತಿ. ದೂರು ಕೊಟ್ಟವಳು ಕೆಳಗಿನ ಮನೆಯ ನಿವೃತ್ತ ನರ್ಸಮ್ಮ.

ಜಗಮೊಂಡಿ ಹೋದಾಗ ಬಾಗಿಲು ತೆರೆದವನು ಬೇರೆ ಯಾರೋ. ಒಳಗೆ ಇನ್ನಿಬ್ಬರು ತಾಯಿಯ ಮಂಚದ ಮೇಲೆ ಕಾಲು ಚಾಚಿಕೊಂಡಿದ್ದರು. ಹೊಲಿಗೆ ಯಂತ್ರ ಮಾಯವಾಗಿತ್ತು. ದರ್ಜಿ ಅಡುಗೆಮನೆಯ ಮೂಲೆಯಲ್ಲಿ ರಟ್ಟು ಹಾಸಿಕೊಂಡು ಕುಳಿತಿದ್ದ.

"ಇವ್ರೆಲ್ಲ ಯಾರಪ್ಪ?"

"ಫ್ರೆಂಡ್ಸು ಅಕ್ಕ." ಹೇಳುವಾಗ ಅವನ ಕಣ್ಣು ಅವಳ ಬೆನ್ನ ಹಿಂದೆ ನಿಂತವನ ಮೇಲಿತ್ತು.

ಕಚೇರಿಯಲ್ಲಿ ಸಾಹೇಬರು, "ಮನೆ ಅವನ ಹೆಸರಲ್ಲಿದೆ. ಏನಾದ್ರೂ ಅವನದೇ ಜವಾಬ್ದಾರಿ. ಖಾಲಿ ಮಾಡಿಸಿ" ಎಂದರು.

"ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಹೊಕ್ಕಿದೆ ಸರ್. ನೀವು ನೋಡಿದ್ರೆ ಗೆದ್ದಲನ್ನ ಆಚೆ ಹಾಕ್ತೀನಿ ಅಂತೀರಿ."

ಸಾಹೇಬರ ಬೆನ್ನು ಬಿಡದೆ ಒಂದಿಷ್ಟು ಗಡುವು ಪಡೆದಳು. ಠಾಣೆಗೆ ಅಲೆದು ಪೊಲೀಸರನ್ನು ಕರೆತಂದಳು. ಮೂವರನ್ನೂ ಹೊರಗೆ ಹಾಕಿಸಿ, ತಾನೇ ನಿಂತು ಹೊಸ ಬೀಗ ಹಾಕಿಸಿದಳು. ಅಂದು ದರ್ಜಿ ತಾಯಿಯ ಮಂಚದ ಹಾಸಿಗೆಯನ್ನು ಬಿಸಿಲಿಗೆ ಹಾಕಿದ.

ಅವರು ಮತ್ತೆ ಬಂದರು. ಬೀಗ ಒಡೆಯಲಿಲ್ಲ, ಅವನೇ ಬಾಗಿಲು ತೆಗೆದ. ಪೊಲೀಸರನ್ನು ಕರೆಸಿದ ಸಿಟ್ಟಿಗೆ ಅವನ ಬಲಗೈಯನ್ನು ಬಾಗಿಲ ಸಂದಿಗೆ ಇಟ್ಟು ಜಜ್ಜಿದರು. ಚೀರಾಟ ಕೇಳಿ ಮಂಡಿನೋವಿನ ನರ್ಸಮ್ಮ ಬೊಬ್ಬೆ ಹಾಕುತ್ತಾ ಮೆಟ್ಟಿಲು ಹತ್ತಿದ ಮೇಲೆಯೇ ಅವರು ಓಡಿದ್ದು. ಇಬ್ಬರು ಸಿಕ್ಕಿಬಿದ್ದರು.

ಆಸ್ಪತ್ರೆಯಲ್ಲಿ ಜಗಮೊಂಡಿ ಕೇಳಿದಳು. "ಯಾಕಪ್ಪ ತೆಗೆದೆ?"

"ಊಟ ತಂದಿದೀವಿ ಅಂದ್ರು ಅಕ್ಕ. ಒಬ್ಬನೇ ಉಣ್ಣೋಕೆ ಆಗ್ತಿರಲಿಲ್ಲ."

ಅವಳು ಬೀಗ, ಪೊಲೀಸು, ಸಾಹೇಬರು ಎಲ್ಲವನ್ನೂ ಯೋಚಿಸಿದ್ದಳು. ಇವನ ಜೊತೆ ಕೂತು ಉಣ್ಣುವವರು ಯಾರು ಎಂದು ಮಾತ್ರ ಯೋಚಿಸಿರಲಿಲ್ಲ.

ಮನೆ ಖಾಲಿ ಮಾಡಿಸುವ ಬಗ್ಗೆ ಮಂಡಳಿಯಲ್ಲಿ ನಡೆದ ವಿಚಾರಣೆಯ ದಿನ ನರ್ಸಮ್ಮನೇ ಎದ್ದು ನಿಂತಳು. "ನಾನು ದೂರು ಕೊಟ್ಟಿದ್ದು ಗಲಾಟೆ ನಿಲ್ಲಿಸಿ ಅಂತ. ಅವನನ್ನ ಬೀದಿಗೆ ಹಾಕಿ ಅಂತ ಅಲ್ಲ. ಅವನಮ್ಮ ಸಾಯೋವಾಗ ನನ್ನ ಕೈ ಹಿಡ್ಕೊಂಡಿದ್ಲು." ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಮನೆ ಉಳಿಯಿತು.

ಕಚೇರಿಯವರು ಜಗಮೊಂಡಿಯನ್ನು ಹೊಗಳಿದರು. ಆದರೆ ದರ್ಜಿಯ ಎರಡು ಬೆರಳು ಮಡಚಲಾಗದೆ ನೆಟ್ಟಗೆ ನಿಂತುಬಿಟ್ಟವು. ಸೂಜಿ ಹಿಡಿದರೆ ಜಾರುತ್ತಿತ್ತು. ಅವನು ಕಿಟಕಿ ಮುಚ್ಚಿದ, ಚಿಲಕ ಹಾಕಿಕೊಂಡ. ನರ್ಸಮ್ಮ ದಿನಾ ತಟ್ಟೆ ತಂದು ಹೊಸ್ತಿಲ ಬಳಿ ಇಡುತ್ತಾಳೆ. ಅವಳ ಹೆಜ್ಜೆ ಸದ್ದು ಪೂರ್ತಿ ಇಳಿದ ಮೇಲಷ್ಟೇ ತಟ್ಟೆ ಒಳಗೆ ಹೋಗುತ್ತದೆ.

ಜಗಮೊಂಡಿ ವಾರಕ್ಕೊಮ್ಮೆ ಬಂದು ಮೆಟ್ಟಿಲ ಮೇಲೆ ಕೂರುತ್ತಾಳೆ, ಅದೂ ಇದೂ ಮಾತಾಡುತ್ತಾಳೆ. ಮೊನ್ನೆ ಮೊದಲ ಸಲ ಒಳಗಿನಿಂದ ದನಿ ಬಂತು.

"ಅಕ್ಕ, ನೀವೊಬ್ರೇನಾ?"

"ಒಬ್ಬಳೇ ಕಣಪ್ಪ."

ಚಿಲಕ ಅಲುಗಿತು. ಅವಳು ಉಸಿರು ಬಿಗಿಹಿಡಿದು ಕಾದಳು. ಬಾಗಿಲು ತೆರೆಯಲಿಲ್ಲ.

"ಇರಲಿ ಬಿಡು" ಎಂದಳು. ಆಮೇಲೆ ಕತ್ತಲಾಗುವವರೆಗೂ ಅಲ್ಲೇ ಕುಳಿತು, ಗಂಡನ ಬಸ್ಸು ಕೆಟ್ಟು ನಿಂತ ಕಥೆ ಹೇಳಿದಳು.