ಕೆಂಪು ಶಾಯಿಯಲ್ಲಿ ಬರೆದ ಸೋಲು

ಹೋದ ದಸರೆಗೆ ಮುಂಚೆ ಭಾಲ್ಕಿಯ ಮನೆಗೆ ಸುಣ್ಣ ಹೊಡೆಸಬೇಕೆಂದು ಅಟ್ಟದ ಮೇಲಿನ ಸಾಮಾನೆಲ್ಲ ಇಳಿಸುತ್ತಿದ್ದೆ. ಅಪ್ಪನ ತಗಡಿನ ಪೆಟ್ಟಿಗೆ ತೆರೆದ ಕೂಡಲೇ ತೊಗರಿ ಹೊಟ್ಟಿನ ವಾಸನೆ ಮೂಗಿಗೆ ಬಡಿಯಿತು. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾದರೂ ಬೇಳೆ ಮಿಲ್ಲು ಅವನ ರುಮಾಲನ್ನು ಬಿಟ್ಟು ಹೋಗಿರಲಿಲ್ಲ. ಆ ರುಮಾಲಿನೊಳಗೆ ನಾಲ್ಕು ಮಡಿಕೆಯ ಒಂದು ಹಾಳೆ ಇತ್ತು. ಬಿಡಿಸಿ ನೋಡಿದರೆ ಚದುರಂಗದ ಆಟವೊಂದರ ನಡೆಗಳು. ಹದಿನಾರರ ವಯಸ್ಸಿನ ನನ್ನ ದುಂಡು ಅಕ್ಷರ. ಕೆಳಗೆ, ಬೇರೆ ಕೈಯಲ್ಲಿ, ಕೆಂಪು ಶಾಯಿಯಲ್ಲಿ, 'ಹೊರಗಿನ ನೆರವು. ಸೋಲು' ಅಂತ ಬರೆದು ಸಹಿ ಹಾಕಿತ್ತು. ನನ್ನ ನೀಲಿ ಶಾಯಿ ಮಾಸಿತ್ತು. ಕೆಂಪು ಮಾತ್ರ ನಿನ್ನೆ ಬರೆದ ಹಾಗೆ ಇತ್ತು.

ಆ ಸಹಿ ನಮ್ಮ ಸರ್ ಅವರದು. ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ನನ್ನದು ಮೂವತ್ತು ದಾಟಿದೆ. ಹಾವೇ ನನ್ನ ಹತ್ತಿರ ಬಂದು ಪಾಠ ಹೇಳಿಸಿಕೊಳ್ಳಬೇಕು.

ಸರ್ ಬೀದರಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಭಾನುವಾರ ಅದೇ ಶಾಲೆಯ ವರಾಂಡದಲ್ಲಿ ಚದುರಂಗ ಕಲಿಸುತ್ತಿದ್ದರು, ಅದೂ ಪುಕ್ಕಟೆ. ಸುಳ್ಳು ಹೇಳಬಾರದು, ಚೆನ್ನಾಗಿ ಕಲಿಸುತ್ತಿದ್ದರು. ನಾನು ಭಾಲ್ಕಿಯಿಂದ ಬೆಳಗಿನ ರೈಲಿಗೆ ಬರುತ್ತಿದ್ದೆ. ಸರ್ ಅವರದು ಯಾವಾಗಲೂ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಆಡಿದ ನಡೆಗಳನ್ನು ಬರೆದಿಡುವುದನ್ನು ಕಲಿಸಿದವರೇ ಅವರು. "ಬರೀಲಾರದ ಆಟ ಆಟೇ ಅಲ್ಲ. ಬರದದ್ದು ಹೊಡದು ಹಾಕಬಾರದು," ಅನ್ನುವುದು ಅವರ ಬಾಯಿಪಾಠ. ಇನ್ನೊಂದು ಮಾತೂ ಇತ್ತು: "ಕೊಡ್ಲಿಕ್ಕ ಅಂಜಬ್ಯಾಡ್ರಿ. ಕೊಟ್ಟವನೇ ಗೆಲ್ತಾನ." ಕಾಯಿ ಬಲಿಕೊಟ್ಟು ರಾಜನನ್ನು ಹಿಡಿಯುವ ಆಟವೆಂದರೆ ಅವರ ಕಣ್ಣು ಮಿನುಗುತ್ತಿದ್ದವು.

ಅಪ್ಪನ ಆಟ ಇದಕ್ಕೆ ತದ್ವಿರುದ್ಧ. ಅಪ್ಪ ಮೆಹಕರ ಅನ್ನುವ ಹಳ್ಳಿಯವ, ಭಾಲ್ಕಿಗೆ ಬಂದು ಬೇಳೆ ಮಿಲ್ಲಿನಲ್ಲಿ ಚೀಲ ಹೊತ್ತ, ಆಮೇಲೆ ಮಷೀನಿನ ಹತ್ತಿರ ನಿಂತ. ಮಿಲ್ಲಿನ ಲೆಕ್ಕ ಬರೆಯುವ ಮುನ್ಷಿಯ ಜೊತೆ ಆಡಿ ಆಡಿ ಆಟ ಕಲಿತಿದ್ದ. ಕೈಯಲ್ಲಿದ್ದ ಒಂದು ಕಾಯಿಯನ್ನೂ ಸುಮ್ಮನೆ ಬಿಡುವವನಲ್ಲ. ಎದುರಿನವರಿಗೆ ಬೇಸರ ಬಂದು ತಪ್ಪು ಮಾಡುವ ತನಕ ಕಾಯುತ್ತಿದ್ದ. "ದಾರಿ ತಿಳೀಲಿಲ್ಲಂದ್ರ ಒಂದು ಪ್ಯಾದಿ ಸರಸು, ಉಸುರು ತಗೋ ಅವ್ವಾ," ಅನ್ನುತ್ತಿದ್ದ. ಪ್ಯಾದಿ ಅಂದರೆ ಕಾಲಾಳು. ಅಪ್ಪನ ಈ ಮಾತನ್ನು ನಾನು ಸರ್ ಮುಂದೆ ಹೇಳಿದಾಗ ಅವರು ನಕ್ಕು, ಅದು ಅಂಜುಬುರುಕರ ಆಟ ಅಂದಿದ್ದರು. ನಾನೂ ನಕ್ಕಿದ್ದೆ. ಅದನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಅದು ಜಿಲ್ಲಾ ಪಂದ್ಯದ ಕಡೆಯ ಸುತ್ತು. ಅದೇ ಶಾಲೆಯ ದೊಡ್ಡ ಕೋಣೆ. ನನ್ನ ಎದುರಿಗೆ ಕರಿಯ ಕಾಯಿ ಹಿಡಿದು ಕೂತವನು ಸರ್ ಅವರ ತಮ್ಮನ ಮಗ. ತೀರ್ಪುಗಾರರು ಸ್ವತಃ ಸರ್. ಇದು ಸರಿಯೇ ಅಂತ ಕೇಳುವ ಎದೆ ಯಾರಿಗೂ ಇರಲಿಲ್ಲ. ಅಪ್ಪ ಅವತ್ತು ಮಿಲ್ಲಿಗೆ ರಜೆ ಹಾಕಿ ನನ್ನ ಜೊತೆ ಬಂದಿದ್ದ. ಆಡುವವರ ಸುತ್ತ ಹಗ್ಗ ಕಟ್ಟಿದ್ದರು, ಅದರಾಚೆ ನೋಡುವವರ ನಡುವೆ ನಿಂತಿದ್ದ. ಬೆಳಗಿನಿಂದ ಕೆಮ್ಮುತ್ತಲೇ ಇದ್ದ. ಸ್ಟೇಷನ್ನಿನಲ್ಲಿ ಕೆಮ್ಮಿದ, ಶಾಲೆಯ ಗೇಟಿನಲ್ಲಿ ಕೆಮ್ಮಿದ. ಯಾರೂ ಕಿವಿಗೊಟ್ಟಿರಲಿಲ್ಲ.

ಹದಿನೇಳನೆಯ ನಡೆಗೆ ಬಂದಾಗ ನನಗೆ ಅದು ಹೊಳೆಯಿತು. ನನ್ನ ಒಂಟೆಯನ್ನು ಅವನ ರಾಜನ ಮಗ್ಗುಲಿನ ಪ್ಯಾದೆಯ ಮೇಲೆ ಬಿಟ್ಟರೆ ಒಂಟೆ ಸಾಯುತ್ತದೆ. ಸತ್ತರೂ ರಾಜ ಹೊರಗೆ ಬರುತ್ತಾನೆ, ಹಿಂದಿನಿಂದ ಕುದುರೆ, ವಜೀರ... ಒಂಟೆಯನ್ನು ಎತ್ತಿದೆ. ಅದೇ ಹೊತ್ತಿಗೆ ಹಗ್ಗದಾಚೆಯಿಂದ ಎರಡು ಸಲ ಕೆಮ್ಮು ಕೇಳಿಸಿತು. ನಾನು ಒಂಟೆಯನ್ನು ಇಟ್ಟೆ.

ಸರ್ ಬಂದು ಗಡಿಯಾರ ನಿಲ್ಲಿಸಿದರು. ಮಣೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅಪ್ಪನತ್ತ ತಿರುಗಿದರು.

"ಇದು ಪುಸ್ತಕದಾಗಿನ ನಡಿ. ಈಕಿಗಿ ನಾ ಇನ್ನಾ ಕಲಿಸಿಲ್ಲ. ಮತ್ತ ಎಲ್ಲಿಂದ ಬಂತು? ಯಾವಾಗ ಕೆಮ್ಮಬೇಕು ಅಂಬೋದು ಚಂದ ಗೊತ್ತದ ನಿನಗ."

ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ತೊಗರಿ ಹೊಟ್ಟಿನ ಕೆಮ್ಮು ಅದ ರೀ ಸಾಹೇಬ್ರ," ಅಂದ.

ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ತುಂಬಾ ಜನ ನಕ್ಕರು. ಸರ್ ಕೆಂಪು ಪೆನ್ನು ತೆಗೆದು ನನ್ನ ಹಾಳೆಯ ಮೇಲೆ ಬರೆದು ಸಹಿ ಹಾಕಿದರು. ನಾನು ಅದನ್ನು ಹರಿಯಲು ಹೋದೆ. ಅಪ್ಪ ನನ್ನ ಕೈಯಿಂದ ತೆಗೆದುಕೊಂಡು ರುಮಾಲಿನಲ್ಲಿ ಸುತ್ತಿ ಬಗಲಿಗೆ ಇಟ್ಟುಕೊಂಡ. ಹರಿದು ಹಾಕಿರಬಹುದು ಅಂತಲೇ ಮೂವತ್ತು ವರ್ಷ ಅಂದುಕೊಂಡಿದ್ದೆ.

ವಾಪಸು ಬರುವಾಗ ರೈಲಿನಲ್ಲಿ ಅಪ್ಪ ಒಮ್ಮೆಯೂ ಕೆಮ್ಮಲಿಲ್ಲ. ತಡೆದು ತಡೆದು ಅವನ ಕಣ್ಣಲ್ಲಿ ನೀರು ಬಂದಿತ್ತು. ಮನೆಗೆ ಬಂದವನೇ ಮಣೆಯನ್ನು ಅಟ್ಟಕ್ಕೆ ಹಾಕಿದ. ಮತ್ತೆಂದೂ ನನ್ನ ಎದುರಿಗೆ ಆಟಕ್ಕೆ ಕೂರಲಿಲ್ಲ. ಮನೆಯೊಳಗೆ ಕೆಮ್ಮು ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ಕಡೆಗೆ ಅದೇ ಧೂಳು ಎದೆಯನ್ನು ತಿಂದು ಆಸ್ಪತ್ರೆಯ ಮಂಚದ ಮೇಲೆ ಮಲಗಿದಾಗಲೂ, ನಾನು ಬಾಗಿಲಲ್ಲಿ ಕಂಡರೆ ರುಮಾಲನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದ. ಕೆಮ್ಮಪ್ಪಾ, ಇಲ್ಲಿ ಯಾರೂ ಇಲ್ಲ ಅಂದರೂ ಕೇಳುತ್ತಿರಲಿಲ್ಲ... ಹೇಳಿ, ನಾನು ಹೇಗೆ ಕ್ಷಮಿಸಲಿ?

ಈಗ ನಾನು ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯೊಂದರಲ್ಲಿ ಮಾಲಿನ ತಪಾಸಣೆ ಮಾಡುತ್ತೇನೆ. ಊಟದ ಬಿಡುವಿನಲ್ಲಿ ಫೋನಿನಲ್ಲಿ ಚದುರಂಗ ಆಡುತ್ತೇನೆ, ಯಾವುದೋ ಸುಳ್ಳು ಹೆಸರಿನಲ್ಲಿ. ದಸರೆ ಮುಗಿದ ಮೇಲೆ ಒಂದು ದಿನ ಊಟದ ಡಬ್ಬಿ ಪಕ್ಕಕ್ಕಿಟ್ಟು ಹಾಳೆಯಲ್ಲಿದ್ದ ನಡೆಗಳನ್ನೆಲ್ಲ ಒಂದೊಂದಾಗಿ ಫೋನಿನಲ್ಲೇ ಇರುವ ಚದುರಂಗದ ಕಂಪ್ಯೂಟರಿಗೆ ಉಣಿಸಿದೆ. ನನ್ನ ಲೆಕ್ಕ ಸರಳವಾಗಿತ್ತು. ಆ ಹದಿನೇಳನೆಯ ನಡೆಗೆ ಕಂಪ್ಯೂಟರ್ ಶಹಬ್ಬಾಸ್ ಅನ್ನುತ್ತದೆ, ನಾನು ಗೆಲ್ಲುತ್ತಿದ್ದೆ ಅಂತ ಇಡೀ ಜಿಲ್ಲೆಗೆ ತೋರಿಸುತ್ತೇನೆ, ಮುದುಕನ ಮಾನ ಹರಾಜು ಹಾಕುತ್ತೇನೆ.

ಕಂಪ್ಯೂಟರ್ ಆ ನಡೆಯ ಮುಂದೆ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿತು, ಅಂದರೆ ಭಾರೀ ತಪ್ಪು.

ಎಲ್ಲೋ ತಪ್ಪಾಗಿ ಒತ್ತಿದ್ದೇನೆ ಅಂತ ಮೊದಲಿನಿಂದ ಮತ್ತೆ ಹಾಕಿದೆ. ಮತ್ತೆ ಅದೇ. ರಾಜ ಒಂಟೆಯನ್ನು ತಿನ್ನಬೇಕು, ಕುದುರೆ ಶಹ ಕೊಟ್ಟು ಬೆದರಿಸಿದಾಗ ಹಿಂದಕ್ಕೆ ಓಡದೆ ಎದುರಿಗೆ ನಡೆದು ಬರಬೇಕು, ಅಷ್ಟೇ. ಹಿಡಿಯುವವರು ಯಾರೂ ಇಲ್ಲ. ಹತ್ತು ನಡೆಯೊಳಗೆ ನಾನು ಮಣ್ಣು ಮುಕ್ಕುತ್ತಿದ್ದೆ. ಮೂವತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡು ಮೆರೆದ ನಡೆ ಅದು. ಡಬ್ಬಿಯನ್ನು ಅವತ್ತು ತೆರೆಯಲೇ ಇಲ್ಲ.

ಹಾಗಾದರೆ ಅಲ್ಲಿ ಏನು ಆಡಬೇಕಿತ್ತು ಅಂತ ನೋಡಿದೆ. ಬಲತುದಿಯ ಪ್ಯಾದೆಯನ್ನು ಒಂದು ಮನೆ ಸರಿಸಬೇಕಿತ್ತಂತೆ. ಸುಮ್ಮನೆ, ಒಂದೇ ಮನೆ. ಅದನ್ನು ನೋಡಿದಾಗ ನಾನು ಕಾರ್ಖಾನೆಯ ಊಟದ ಕೋಣೆಯಲ್ಲಿ ಹತ್ತು ಜನರ ಎದುರಿಗೆ ಅತ್ತುಬಿಟ್ಟೆ. ಅಪ್ಪ ನಿಜಕ್ಕೂ ಹಗ್ಗದಾಚೆಯಿಂದ ಹೇಳಿಕೊಟ್ಟಿದ್ದರೆ ಹೇಳುತ್ತಿದ್ದದ್ದು ಅದನ್ನೇ ತಾನೆ?

ಅತ್ತದ್ದಾದ ಮೇಲೆ ಸಿಟ್ಟು ಇಮ್ಮಡಿಯಾಯಿತು. ಜಿಲ್ಲೆಯ ಆಟಗಾರರದೊಂದು ಆನ್‌ಲೈನ್ ಚರ್ಚೆಯ ತಾಣವಿದೆ. ಹಾಳೆಯ ಫೋಟೊ, ನಡೆಗಳು, ಕಂಪ್ಯೂಟರಿನ ತೀರ್ಪು ಎಲ್ಲವನ್ನೂ ಅಲ್ಲಿ ಹಾಕಿದೆ. ಸಹಿಯನ್ನು ಮುಚ್ಚಿದೆ, ಹೆಸರು ಬರೆಯಲಿಲ್ಲ. ಕೆಳಗೆ ಒಂದೇ ಪ್ರಶ್ನೆ ಕೇಳಿದೆ: ಹೇಳಿಕೊಟ್ಟವರು ಇಂಥ ನಡೆ ಹೇಳಿಕೊಡುತ್ತಾರೆಯೇ?

ಎರಡು ದಿನದಲ್ಲಿ ಜಾತ್ರೆ ಸೇರಿತು. ಹೇಳಿಕೊಟ್ಟವನಿಗೇ ಮೊದಲು ಯಾರಾದರೂ ಹೇಳಿಕೊಡಬೇಕಿತ್ತು ಅಂತ ಒಬ್ಬ ನಕ್ಕ. ಆ ನಗು ಮತ್ತೆ ಅಪ್ಪನಿಗೇ ತಾಗಿತು, ಹಲ್ಲು ಕಚ್ಚಿ ಸಹಿಸಿಕೊಂಡೆ. ಇನ್ನೊಬ್ಬ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ ಅದೇ ಉತ್ತರ ತಂದ. ಆಮೇಲೆ ಒಬ್ಬರು ನಾನು ಕಾಯುತ್ತಿದ್ದ ಮಾತನ್ನು ಬರೆದರು: ತೀರ್ಪುಗಾರ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಕರಿಯ ಕಾಯಿಯವನೇ ಗೆಲ್ಲುತ್ತಿದ್ದ, ಇದು ಕಾಣದವನು ಎಂಥ ತೀರ್ಪುಗಾರ? ಕೆಂಪು ಶಾಯಿ ನೋಡಿದ ಹಳೆಯ ಶಿಷ್ಯರಿಗೆ ಕೈಬರಹ ತಿಳಿಯದೆ ಇರುತ್ತದೆಯೇ? ಸರ್ ಇನ್ನೂ ಇದ್ದಾರೆ, ಔರಾದಿನಲ್ಲಿ ಮಗಳ ಮನೆಯಲ್ಲಿದ್ದಾರೆ ಅಂತ ಅವರಲ್ಲೇ ಒಬ್ಬರು ತಿಳಿಸಿದರು. ನಾನು ಅವತ್ತು ಹೋಳಿಗೆ ಮಾಡಿಕೊಂಡು ತಿಂದೆ.

ಭಾನುವಾರವೇ ಔರಾದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮಸೆದುಕೊಂಡೆ.

ಸರ್ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಅದೇ ಬಿಳಿ ಅಂಗಿ, ಜೇಬು ಖಾಲಿ. ಕಣ್ಣು ಮಂಜಾಗಿದ್ದವು. ಬೀದರಿನಿಂದ ಬಂದಿದ್ದೇನೆ, ಒಂದು ಆಟ ತೋರಿಸಬೇಕು ಅಂದೆ. ಯಾರು ಅಂತ ಕೂಡ ಕೇಳದೆ ಮಗಳನ್ನು ಕೂಗಿ ಮಣೆ ತರಿಸಿದರು. ಹದಿನೇಳನೆಯ ನಡೆಗೆ ಮುಂಚೆ ಇದ್ದ ಹಾಗೆ ನಾನು ಕಾಯಿ ಹೂಡಿದೆ. ಅವರು ಒಂದೊಂದರ ತಲೆಯನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಮುಖ ಅರಳಿತು.

"ಒಂಟಿ ಕೊಡ್ರಿ! ಏನ್ ನೋಡ್ಲಿಕತ್ತೀರಿ, ಕೊಟ್ಟು ಬಿಡ್ರಿ!"

ಕೊಟ್ಟೆ. ಕರಿಯ ರಾಜನಿಂದ ತಿನ್ನಿಸಿದೆ. ಅವರು ಕುದುರೆ ತಂದು ಶಹ ಅಂದರು. ನಾನು ರಾಜನನ್ನು ಮುಂದಕ್ಕೆ ನಡೆಸಿದೆ. ಅವರು ವಜೀರನನ್ನು ತಂದರು, ಇನ್ನೊಂದು ಪ್ಯಾದೆ ಕೊಟ್ಟರು, ಮತ್ತೆ ಹಿಂದಕ್ಕೆ ತೆಗೆದುಕೊಂಡು ಬೇರೆ ಮಾಡಿ ನೋಡಿದರು. ಮಗಳು ತಂದಿಟ್ಟ ಚಹಾ ಆರಿ ಕೆನೆಗಟ್ಟಿತು. ಕಡೆಗೆ ಅವರ ಬೆರಳು ಮಣೆಯ ಮೇಲೆ ನಿಂತುಬಿಟ್ಟವು.

"ನಡಿಯಂಗಿಲ್ಲ ಇದು," ಅಂದರು. "ಯಾರ್ ಆಟ ಇದು?"

"ನಂದು ರೀ ಸರ್. ಭಾಲ್ಕಿ ಹುಡುಗಿದು. ನೀವು ಸುಮ್ನ ಕುಂತಿದ್ರ ನಿಮ್ಮ ತಮ್ಮನ ಮಗನೇ ಗೆಲ್ತಿದ್ದ. ನಮ್ಮಪ್ಪ ಹೇಳಿಕೊಟ್ಟಿದ್ರ ನಾ ಪ್ಯಾದಿ ಸರಸ್ತಿದ್ದೆ. ಕೊಡ್ಲಿಕ್ಕ ಅಂಜಬ್ಯಾಡ್ರಿ ಅಂತ ಕಲಿಸ್ದವರು ನೀವು."

ಅವರು ಮುಖ ಎತ್ತದೆ ಕೇಳಿದರು, "ಅಪ್ಪನ ಕೆಮ್ಮು ಹ್ಯಾಂಗ ಅದ ಈಗ?"

"ನಿಂತು ಇಪ್ಪತ್ತು ವರ್ಷ ಆತ್ರಿ."

ಅವರ ಕೈ ಖಾಲಿ ಜೇಬಿಗೆ ಹೋಯಿತು. ಪೆನ್ನು ಕೊಡು, ಹಾಳೆ ಕೊಡು, ಅದನ್ನು ಹೊಡೆದು ಹಾಕುತ್ತೇನೆ ಅಂದರು. ಹಾಳೆ ನನ್ನ ಮಡಿಲಲ್ಲೇ ಇತ್ತು, ಪೆನ್ನೂ ಪರ್ಸಿನಲ್ಲಿತ್ತು. ನಾನು ಹಾಳೆಯನ್ನು ಮಡಚಿ ಒಳಗಿಟ್ಟುಕೊಂಡೆ.

"ಬರದದ್ದು ಹೊಡದು ಹಾಕಬಾರದು ರೀ ಸರ್. ನೀವೇ ಕಲಿಸೀರಿ," ಅಂದು ಎದ್ದು ಬಂದೆ.

ಬಸ್ಸಿನಲ್ಲಿ ಹೊಟ್ಟೆ ತಣ್ಣಗಿತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಅವರ ಮಗಳು ಫೋನು ಮಾಡಿದರು. "ಅಕ್ಕಾರ, ಅಪ್ಪಾಜಿ ಹೋದ್ರು ರೀ. ಕಡೀಕ ಕೆಂಪು ಪೆನ್ನು ಕೇಳ್ತಿದ್ರು. ನೀವು ಆನ್‌ಲೈನಿನಾಗ ಹಾಕಿದ್ದು ಅದ ಅಲ್ರಿ, ಅದು ತೆಗೀರಿ, ಮಂದಿ ಇನ್ನಾ ನಗ್ಲಿಕತ್ತಾರ." ನಾನು ನೋಡೋಣ ರೀ ಅಂದೆ. ತೆಗೆಯಲಿಲ್ಲ. ಅಪ್ಪನನ್ನು ನೋಡಿ ನಕ್ಕದ್ದನ್ನು ಯಾರು ತೆಗೆದರು?

ಈಗಲೂ ಊಟದ ಬಿಡುವಿನಲ್ಲಿ ಆ ಚರ್ಚೆಯನ್ನು ತೆರೆಯುತ್ತೇನೆ. ಯಾರೋ ಹೊಸಬರು ಬಂದು ಅದೇ ನಡೆಯನ್ನು ಅಗೆಯುತ್ತಿರುತ್ತಾರೆ. ಬೈಯಲು ಸರ್ ಇಲ್ಲ. ಅವರಿದ್ದಾಗ ನನ್ನ ಸಿಟ್ಟಿಗೆ ಔರಾದಿನಲ್ಲಿ ಒಂದು ಮನೆಯಿತ್ತು, ಈಗ ಅದು ನನ್ನ ಹತ್ತಿರವೇ ಉಳಿದಿದೆ. ಗೆಲುವು ಕಸಿದರು ಅಂತ ಇಷ್ಟು ವರ್ಷ ಅವರನ್ನು ಶಪಿಸಿದೆ. ಗೆಲುವು ಅಲ್ಲಿ ಇರಲೇ ಇಲ್ಲ. ಅವರು ಸುಮ್ಮನೆ ಕೂತಿದ್ದರೆ ನಾನು ಹತ್ತು ನಡೆಯಲ್ಲಿ ಸೋಲುತ್ತಿದ್ದೆ. ಸೋತ ನನಗೆ ಅಪ್ಪ ಬೀದರಿನ ಸ್ಟೇಷನ್ನಿನಲ್ಲಿ ಬಿಸಿ ಭಜಿ ಕೊಡಿಸುತ್ತಿದ್ದ. ರೈಲು ಹೊರಟ ಮೇಲೆ, ನಾನು ಅತ್ತು ಮುಗಿಸುವ ತನಕ ಕಾದು, ಗಂಟಲು ತುಂಬ ಕೆಮ್ಮಿ, "ಒಂದು ಪ್ಯಾದಿ ಸರಸ್ಲಿಕ್ಕ ಏನಾಗಿತ್ತ ನಿನಗ ಅವ್ವಾ?" ಅಂತ ಬೈಯುತ್ತಿದ್ದ.

ಆ ಬೈಗುಳ ನನಗೆ ಬರಬೇಕಿತ್ತು.